ಬೀಡಿ, ಗೇರುಬೀಜ ಕಾರ್ಖಾನೆ, ಮಲ್ಪೆ ಬೋಟು: ಗದ್ದೆಯ ಜೊತೆಗೆ ಯಾವುದು?

ಕಾರ್ಕಳದ ಕಡೆ ಸ್ವಲ್ಪ ಗದ್ದೆ, ಅಡಿಕೆ ಇಟ್ಟುಕೊಂಡು ಹೊರಗಿನ ದುಡಿಮೆ ಹುಡುಕುವ ನೀವು ಸಂಬಳಕ್ಕಿಂತ ಮೊದಲು ಸಮಯ ನೋಡಿ. ಅಡಿಕೆಯ ಹಣ ಬರುವುದು ಕೊಯ್ಲಾದ ಮೇಲೆ. ಕೊಳೆರೋಗ ಬಂದರೆ ಅದನ್ನೂ ನಂಬುವಂತಿಲ್ಲ. ಶಾಲೆ ಫೀಸು, ಔಷಧಿಗೆ ಮಾತ್ರ ತಿಂಗಳು ತಿಂಗಳೂ ದುಡ್ಡು ಬೇಕು.

ಮಲ್ಪೆ ಬೋಟಿನ ಕೆಲಸ ಗದ್ದೆಗೆ ಚೆನ್ನಾಗಿ ಹೊಂದುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಉಳುಮೆ, ನೇಜಿ ನಾಟಿಯೂ ಆಗಲೇ. ಆದರೆ ಅಕ್ಟೋಬರಿನ ಭತ್ತದ ಕೊಯ್ಲಿಗೆ ನೀವು ಕಡಲಲ್ಲಿರುತ್ತೀರಿ. ಕೈಗೆ ಬರುವ ಪಾಲು ಸಿಕ್ಕ ಮೀನಿನ ಮೇಲೆ ನಿಂತಿದೆ, ಜೀವದ ಅಪಾಯ ಬೇರೆ. ಮನೆಯಲ್ಲಿ ಗದ್ದೆ ನೋಡುವ ಇನ್ನೊಬ್ಬರಿದ್ದರೆ ಮಾತ್ರ ಹೋಗಿ.

ಗೇರುಬೀಜ ಕಾರ್ಖಾನೆಯಲ್ಲಿ ಸಂಬಳ ಕ್ರಮವಾಗಿ ಬರುತ್ತದೆ, ಪಿಎಫ್ ಕೂಡ. ನಾಟಿಗೆ ರಜೆ ಕೇಳಬೇಕು. ಗೇರು ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ. ಕೈಗವಸು ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಸಾಲದ ಕಂತು ಇರುವವರಿಗೆ ಇದೇ ಧೈರ್ಯ.

ಬೀಡಿ ಕಟ್ಟಲು ಮನೆ ಬಿಡಬೇಕಿಲ್ಲ, ದನದ ಹಟ್ಟಿಯ ಕೆಲಸ ಮುಗಿಸಿ ಕೂರಬಹುದು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ, ಕಡಿಮೆಯೇ. ಹಾಸಿಗೆ ಹಿಡಿದ ಹಿರಿಯರನ್ನು ಬಿಟ್ಟು ಹೊರಡಲಾಗದವರಿಗೆ ಸರಿ. ಹೊಗೆಸೊಪ್ಪಿನ ಧೂಳು ಎದೆಗೆ ಕೆಟ್ಟದ್ದು; ದಯವಿಟ್ಟು ಮಕ್ಕಳನ್ನು ಜೊತೆಗೆ ಕೂರಿಸಬೇಡಿ.