ಸ್ಪರ್ಧಾತ್ಮಕ ಪರೀಕ್ಷೆಗೆ ಪಾರ್ಟ್ಸ್ ಆಫ್ ಸ್ಪೀಚ್: ಒಂದು ವಿಡಿಯೊ ಕೋರ್ಸಿನ ವಿಮರ್ಶೆ

ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ವಿಭಾಗಕ್ಕೆ ಸಿದ್ಧರಾಗುವವರಿಗಾಗಿ ರೂಪಿಸಿರುವ ಈ ಕೋರ್ಸು, ಪಾರ್ಟ್ಸ್ ಆಫ್ ಸ್ಪೀಚ್‌ನ, ಅಂದರೆ ವ್ಯಾಕರಣದಲ್ಲಿ ಪದಗಳನ್ನು ವಿಂಗಡಿಸುವ 8 ವರ್ಗಗಳನ್ನು ವ್ಯಾಖ್ಯೆಗಳ ಬಾಯಿಪಾಠದಿಂದ ಆರಂಭಿಸುವುದಿಲ್ಲ ಎಂಬುದೇ ಮೊದಲು ಮೆಚ್ಚಬೇಕಾದ ಸಂಗತಿ. ಪದವನ್ನು ಬಿಡಿಯಾಗಿ ನೋಡಿ ಅದರ ವರ್ಗವನ್ನು ಹೇಳಲಾಗದು, ವಾಕ್ಯದಲ್ಲಿ ಅದು ನಿರ್ವಹಿಸುವ ಕೆಲಸವನ್ನು ಗಮನಿಸಿಯೇ ತೀರ್ಮಾನಿಸಬೇಕು ಎಂಬ ತತ್ತ್ವವನ್ನು ಮೊದಲ ಪಾಠದಲ್ಲೇ ತಿಳಿಸಿ, ಬಹುಮಟ್ಟಿಗೆ ಅದಕ್ಕೇ ಬದ್ಧರಾಗಿ ಪಾಠವನ್ನು ಮುಂದುವರಿಸಿದ್ದಾರೆ.

'ಆಫ್ಟರ್' ಪದದ ವಿವರಣೆ ಇದಕ್ಕೆ ಒಳ್ಳೆಯ ನಿದರ್ಶನ. 'ಆಫ್ಟರ್ ಲಂಚ್' ಎಂಬಲ್ಲಿ ಅದರ ನಂತರ ನಾಮಪದವಷ್ಟೇ ಇರುವುದರಿಂದ ಅದು ಪ್ರಿಪೊಸಿಷನ್ (ನಾಮಪದದ ಸಂಬಂಧವನ್ನು ಸೂಚಿಸುವ ಪದ). 'ಆಫ್ಟರ್ ಶಿ ಲೆಫ್ಟ್' ಎಂಬಲ್ಲಿ ಕರ್ತೃ ಮತ್ತು ಕ್ರಿಯಾಪದ ಎರಡೂ ಬಂದಿರುವುದರಿಂದ ಕಂಜಂಕ್ಷನ್ (ವಾಕ್ಯಭಾಗಗಳನ್ನು ಜೋಡಿಸುವ ಪದ). 'ಬಿಫೋರ್', 'ಸಿನ್ಸ್', 'ಅಂಟಿಲ್' ಪದಗಳನ್ನೂ ಹೀಗೆಯೇ ಒರೆಗೆ ಹಚ್ಚಿ ನೋಡಬಹುದು.

ಅಡ್ಜೆಕ್ಟಿವ್ (ನಾಮಪದವನ್ನು ಬಣ್ಣಿಸುವ ಪದ) ಮತ್ತು ಅಡ್ವರ್ಬ್ (ಮುಖ್ಯವಾಗಿ ಕ್ರಿಯೆಯನ್ನು ಬಣ್ಣಿಸುವ ಪದ) ಪಾಠಗಳು ಕೋರ್ಸಿನ ಅತ್ಯುತ್ತಮ ಭಾಗ. ಪದದ ಕೊನೆಯಲ್ಲಿ 'ಎಲ್‌ವೈ' ಇದ್ದರೆ ಅಡ್ವರ್ಬ್ ಎಂದು ನಂಬಿಕೊಂಡವರು 'ಫ್ರೆಂಡ್ಲಿ', 'ಕಾಸ್ಟ್ಲಿ' ಎದುರಾದಾಗ ಎಡವುತ್ತಾರೆ, ಏಕೆಂದರೆ ಇವೆರಡೂ ಅಡ್ಜೆಕ್ಟಿವ್‌ಗಳು. ಕಷ್ಟಪಟ್ಟು ದುಡಿಯುತ್ತಾನೆ ಎನ್ನಲು 'ಹಿ ವರ್ಕ್ಸ್ ಹಾರ್ಡ್' ಎಂದೇ ಬರೆಯಬೇಕು. 'ಹಿ ಹಾರ್ಡ್ಲಿ ವರ್ಕ್ಸ್' ಎಂದರೆ ಅವನು ಕೆಲಸವನ್ನೇ ಮಾಡುವುದಿಲ್ಲ ಎಂಬಷ್ಟು ಅರ್ಥ ತಿರುಗುತ್ತದೆ. 'ದ ಫ್ಲವರ್ ಸ್ಮೆಲ್ಸ್ ಸ್ವೀಟ್' ಎಂಬಲ್ಲಿ ಕ್ರಿಯಾಪದದ ಪಕ್ಕದಲ್ಲಿದ್ದರೂ 'ಸ್ವೀಟ್' ಹೂವನ್ನೇ ಬಣ್ಣಿಸುತ್ತದೆ, ಆದ್ದರಿಂದ 'ಸ್ವೀಟ್ಲಿ' ಸಲ್ಲದು ಎಂಬುದನ್ನು ನಿಧಾನವಾಗಿ ಬಿಡಿಸಿ ಹೇಳಿದ್ದಾರೆ. ದೋಷ ಗುರುತಿಸುವ ಪ್ರಶ್ನೆಗಳಿಗೆ ಈ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ನೌನ್ (ನಾಮಪದ) ಮತ್ತು ವರ್ಬ್ (ಕ್ರಿಯಾಪದ) ಪಾಠಗಳು ಸಾಧಾರಣ. 'ಇಂಗ್' ರೂಪಗಳನ್ನು ಅವಸರದಲ್ಲಿ ಮುಗಿಸಿದ್ದಾರೆ. 'ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್' ಎಂಬ ವಾಕ್ಯದಲ್ಲಿ 'ಸ್ವಿಮ್ಮಿಂಗ್' ನಾಮಪದದ ಸ್ಥಾನದಲ್ಲಿದೆ ಎಂಬುದಕ್ಕೆ ಇನ್ನಷ್ಟು ಉದಾಹರಣೆಗಳು ಬೇಕಿದ್ದವು. ಪರೀಕ್ಷೆಯ ದೃಷ್ಟಿಯಿಂದ ಅಷ್ಟೇನೂ ಮಹತ್ವವಿಲ್ಲದ ಇಂಟರ್ಜೆಕ್ಷನ್‌ಗೆ (ಉದ್ಗಾರ ಪದಕ್ಕೆ) ಮಾತ್ರ ಧಾರಾಳವಾಗಿ ಸಮಯ ಕೊಟ್ಟಿರುವುದು ಏಕೋ ತಿಳಿಯದು.

ಇದಕ್ಕಿಂತ ಗಂಭೀರವಾದ ದೋಷ 'ಮೈ', 'ದಿಸ್' ಮುಂತಾದ ಪದಗಳ ವಿಚಾರದಲ್ಲಿದೆ. ನಾಮಪದಕ್ಕಿಂತ ಮೊದಲು ಬರುವ ಇವುಗಳನ್ನು ಸಾಂಪ್ರದಾಯಿಕ ವ್ಯಾಕರಣ ಅಡ್ಜೆಕ್ಟಿವ್ ಎಂದೂ ಆಧುನಿಕ ವ್ಯಾಕರಣ ಡಿಟರ್ಮಿನರ್ (ಯಾವುದು, ಯಾರದು ಎಂದು ನಿರ್ದೇಶಿಸುವ ಪದ) ಎಂದೂ ಕರೆಯುತ್ತದೆ. ಕೋರ್ಸಿನ ಒಂದು ಪಾಠದಲ್ಲಿ 'ಮೈ' ಪ್ರೊನೌನ್ (ಸರ್ವನಾಮ) ಆಗಿದ್ದರೆ ಮತ್ತೊಂದರಲ್ಲಿ ಅಡ್ಜೆಕ್ಟಿವ್ ಆಗಿದೆ, ಈ ವ್ಯತ್ಯಾಸಕ್ಕೆ ಕಾರಣವನ್ನು ಎಲ್ಲಿಯೂ ಹೇಳಿಲ್ಲ. ಅಭ್ಯಾಸ ಪ್ರಶ್ನೆಗಳ ಉತ್ತರಪಟ್ಟಿಯಲ್ಲಾದರೂ ವಿವರಣೆ ಸಿಗಬಹುದೆಂದು ನೋಡಿದರೆ, ಅಲ್ಲಿ ಸರಿಯಾದ ಆಯ್ಕೆಯ ಅಕ್ಷರವನ್ನಷ್ಟೇ ಮುದ್ರಿಸಿದ್ದಾರೆ.