ಮೈಕ್ರೋಗ್ಲಿಯಾ ಹಿಡಿಯಲು ನಾಲ್ಕು ದಾರಿ: ಪ್ರಯತ್ನಿಸಿ ನೋಡಿದ ಮೇಲೆ

ಮಿದುಳಿನ ಸ್ವಂತ ರೋಗನಿರೋಧಕ ಕೋಶಗಳೇ ಮೈಕ್ರೋಗ್ಲಿಯಾ. ಇಲಿಯ ಮಿದುಳಿನಲ್ಲಿ ಭಾಗಕ್ಕೆ ತಕ್ಕಂತೆ ಶೇ. 5ರಿಂದ 12ರಷ್ಟು ಕೋಶಗಳು ಇವೇ. ಸ್ಪೇನಿನ ಪಿಯೊ ಡೆಲ್ ರಿಯೊ-ಒರ್ಟೆಗಾ 1919ರಲ್ಲೇ ಇವಕ್ಕೆ ಹೆಸರಿಟ್ಟರು. ಆದರೂ ಲ್ಯಾಬಿನಲ್ಲಿ ಇವನ್ನು ಪಳಗಿಸುವುದು ಇವತ್ತಿಗೂ ಕಷ್ಟವೇ. ಮಿದುಳಿನಿಂದ ಹೊರಗೆ ತೆಗೆದ ಕೆಲವೇ ಗಂಟೆಗಳಲ್ಲಿ ಇವುಗಳ ಜೀನ್‌ಗಳ ಚಟುವಟಿಕೆ ಬದಲಾಗಲು ಶುರುವಾಗುತ್ತದೆ. ಸುತ್ತಲಿನ ಕೋಶಗಳಿಂದ ಬರುವ ಸಂಕೇತ ನಿಂತರೆ ಮೈಕ್ರೋಗ್ಲಿಯಾ ಮೈಕ್ರೋಗ್ಲಿಯಾ ಆಗಿ ಉಳಿಯುವುದಿಲ್ಲ. ಹಾಗಾಗಿ ನಾನು ಬಳಸಿದ ನಾಲ್ಕು ದಾರಿಗಳಿಗೂ ಒಂದೇ ಅಳತೆಗೋಲು ಇಟ್ಟುಕೊಂಡೆ: ಕೈಗೆ ಸಿಕ್ಕ ಕೋಶ ಮಿದುಳಿನೊಳಗಿನ ಕೋಶವನ್ನು ಎಷ್ಟು ಹೋಲುತ್ತದೆ?

ಮೊದಲು ಬಿವಿ2. 1990ರಲ್ಲಿ ಇಲಿಮರಿಯ ಮೈಕ್ರೋಗ್ಲಿಯಾಗೆ ಕ್ಯಾನ್ಸರ್ ಜೀನ್‌ಗಳಿರುವ ವೈರಸ್ ಸೇರಿಸಿ ಮಾಡಿದ ಕೋಶಸಂತತಿ ಇದು. ಸಾಕುವುದು ಬಲು ಸುಲಭ. ವಾರದೊಳಗೆ ಎಷ್ಟು ಬೇಕೋ ಅಷ್ಟು ಕೋಶ ಸಿಗುತ್ತದೆ, ಪ್ರಾಣಿ ಬೇಕಿಲ್ಲ, ಖರ್ಚೂ ಕಡಿಮೆ. ಆದರೆ ಬಣ್ಣ ಹಾಕಿ ನೋಡಿದಾಗ ಪಿ2ಆರ್‌ವೈ12 ಕಾಣಿಸುವುದೇ ಕಷ್ಟವಾಯಿತು. ಗಾಯವಾದ ಕಡೆಯಿಂದ ಬರುವ ಎಡಿಪಿ ಎಂಬ ಅಣುವನ್ನು ಮೈಕ್ರೋಗ್ಲಿಯಾ ಗುರುತಿಸುವುದೇ ಈ ಗ್ರಾಹಕದಿಂದ. ಅದೇ ಇಲ್ಲದ ಕೋಶದಲ್ಲಿ ಗಾಯಕ್ಕೆ ಪ್ರತಿಕ್ರಿಯೆ ಹುಡುಕಿದರೆ ಏನು ಸಿಗುತ್ತದೆ ಹೇಳಿ? ಹೊಸ ಆಂಟಿಬಾಡಿಯ ಪ್ರಮಾಣ ಸರಿಮಾಡಿಕೊಳ್ಳಲು, ಪ್ರೋಟೋಕಾಲ್ ಕೈಗೆ ಹಿಡಿಯುವವರೆಗೆ ಅಭ್ಯಾಸಕ್ಕೆ ಬಿವಿ2 ಸಾಕು. ಅದರ ಮೇಲೆ ಮಾತ್ರ ನಿಂತ ತೀರ್ಮಾನವನ್ನು ನಾನು ನಂಬುವುದಿಲ್ಲ.

ಎರಡನೆಯದು ಇಲಿಮರಿಗಳಿಂದ ತೆಗೆದ ಪ್ರೈಮರಿ ಕೋಶ. ಹುಟ್ಟಿ ಒಂದೆರಡು ದಿನವಾದ ಮರಿಗಳ ಮಿದುಳಿನ ಕೋಶಗಳನ್ನು ಫ್ಲಾಸ್ಕಿನಲ್ಲಿ ಬೆಳೆಸಬೇಕು. ಆಸ್ಟ್ರೋಸೈಟ್‌ಗಳು (ನರಕೋಶಗಳಿಗೆ ಆಸರೆಯಾಗುವ ಕೋಶಗಳು) ಕೆಳಗೆ ಚಾಪೆಯಂತೆ ಹರಡಿಕೊಳ್ಳುತ್ತವೆ, ಮೈಕ್ರೋಗ್ಲಿಯಾ ಅವುಗಳ ಮೇಲೆ ಕೂರುತ್ತವೆ. ಹತ್ತು ಹದಿನೈದು ದಿನ ಕಾದು ಫ್ಲಾಸ್ಕ್ ಅಲುಗಿಸಿದರೆ ಮೇಲಿನವು ಕಳಚಿಕೊಂಡು ಬರುತ್ತವೆ. ಬಿವಿ2ಗಿಂತ ಇದು ಎಷ್ಟೋ ಮೇಲು. ಕಸ ನುಂಗುವ ಪ್ರಯೋಗದಲ್ಲಿ ಚೆನ್ನಾಗಿ ಕೆಲಸ ಮಾಡಿದವು. ತೊಂದರೆ ಸೀರಂನಲ್ಲಿದೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ. ಆರೋಗ್ಯವಂತ ಮಿದುಳಿಗೆ ರಕ್ತದ ಸೀರಂ ನೇರವಾಗಿ ತಾಗುವುದೇ ಇಲ್ಲ, ನಾವು ಕೋಶ ಬೆಳೆಸುವ ದ್ರವಕ್ಕೆ ಅದನ್ನೇ ಸುರಿಯುತ್ತೇವೆ. ಕೋಶಗಳು ದಪ್ಪಗಾಗಿ, ಚಾಚುಗಳನ್ನು ಒಳಗೆಳೆದುಕೊಂಡು ಕೂರುತ್ತವೆ. ಸೀರಂ ಬಿಟ್ಟು ಐಎಲ್-34, ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್‌ಗಳನ್ನೂ ಕೊಲೆಸ್ಟರಾಲನ್ನೂ ಹಾಕುವ ವಿಧಾನ 2017ರಲ್ಲಿ ಪ್ರಕಟವಾಯಿತು. ಅದಕ್ಕೆ ಬದಲಾದಾಗ ಕೋಶಗಳು ಮತ್ತೆ ಕವಲು ಚಾಚಿದ್ದನ್ನು ನೋಡಿ ನಿಜಕ್ಕೂ ಖುಷಿಯಾಯಿತು. ಬೆಳೆಯುವುದು ಮಾತ್ರ ನಿಧಾನ.

ಮೂರನೆಯದು, ಪೂರ್ತಿ ಬೆಳೆದ ಇಲಿಯ ಮಿದುಳಿನಿಂದ ನೇರವಾಗಿ ಕೋಶ ತೆಗೆದು ಅದೇ ದಿನ ಅಳೆಯುವುದು. ನನ್ನ ಓಟು ಇದಕ್ಕೇ, ಆದರೆ ಒಂದು ಷರತ್ತಿದೆ. ಬಹಳಷ್ಟು ಪ್ರೋಟೋಕಾಲ್‌ಗಳು ಅಂಗಾಂಶವನ್ನು 37 ಡಿಗ್ರಿಯಲ್ಲಿ ಎನ್‌ಜೈಮ್ ಹಾಕಿ ಕರಗಿಸಲು ಹೇಳುತ್ತವೆ. ಆ ಬೆಚ್ಚಗಿನ ಸಮಯದಲ್ಲಿ ಕೋಶ ಸುಮ್ನೆ ಇರುವುದಿಲ್ಲ. ತನ್ನನ್ನು ಕಿತ್ತು ಹಾಕಿದ್ದಕ್ಕೆ ಪ್ರತಿಕ್ರಿಯೆಯಾಗಿ ಹೊಸ ಆರ್‌ಎನ್‌ಎ ಬರೆಯತೊಡಗುತ್ತದೆ. ನಾನು ಒಂದೇ ಮಿದುಳನ್ನು ನಡುವೆ ಸೀಳಿ ಅರ್ಧವನ್ನು ಬೆಚ್ಚಗೆ ಎನ್‌ಜೈಮಿನಲ್ಲಿಟ್ಟೆ. ಇನ್ನರ್ಧವನ್ನು ಮಂಜುಗಡ್ಡೆಯ ಮೇಲೆ ಡೌನ್ಸ್ ಗಾಜಿನ ಕೊಳವೆಯಲ್ಲಿ ಮೆಲ್ಲಗೆ ಅರೆದೆ. ಬೆಚ್ಚಗಿದ್ದ ಅರ್ಧದಲ್ಲಿ ಒತ್ತಡ, ಉರಿಯೂತಕ್ಕೆ ಎಚ್ಚರಗೊಳ್ಳುವ ಫಾಸ್, ಜೂನ್, ಟಿಎನ್‌ಎಫ್ ಜೀನ್‌ಗಳೆಲ್ಲ ಏರಿದ್ದವು. ತಣ್ಣಗಿದ್ದ ಅರ್ಧ ಶಾಂತವಾಗಿತ್ತು. ಅದೇ ಇಲಿ, ಅದೇ ದಿನ! ಎರಡು ಗುಂಪುಗಳನ್ನು ಬೇರೆಬೇರೆ ಹೊತ್ತಿನಲ್ಲಿ ಸಂಸ್ಕರಿಸಿದರೆ ಈ ಏರಿಕೆಯನ್ನೇ ರೋಗದ ಲಕ್ಷಣ ಎಂದು ಓದುವ ಅಪಾಯ ಇದೆ, ಅಲ್ವಾ?

ತಣ್ಣನೆಯ ದಾರಿಗೂ ಕೊರತೆ ಇದೆ. ನನಗೆ ಕೋಶಗಳು ಕಡಿಮೆ ಸಿಕ್ಕವು. ನರತಂತುಗಳ ಹೊದಿಕೆಯಾದ ಮಯಲಿನ್ ಜಿಡ್ಡು ತೆಗೆಯಲು ಸಾಂದ್ರತೆಯಿಂದ ಕೋಶ ಬೇರ್ಪಡಿಸುವ ಪರ್ಕಾಲ್ ದ್ರಾವಣದಲ್ಲಿ ತಿರುಗಿಸಲೇಬೇಕು, ಅಲ್ಲಿ ಇನ್ನಷ್ಟು ಹೋಗುತ್ತವೆ. ನರಕೋಶಗಳೂ ಜೊತೆಗೆ ಬೇಕೆಂದರೆ ಎನ್‌ಜೈಮ್ ಬೇಕೇ ಬೇಕು. ಆಗ ಆಕ್ಟಿನೊಮೈಸಿನ್-ಡಿಯಂಥ ಪ್ರತಿಬಂಧಕಗಳನ್ನು ಮೊದಲ ಹಂತದಿಂದಲೇ ಹಾಕಿದರೆ ಹೊಸ ಆರ್‌ಎನ್‌ಎ ಬರೆಯುವುದು ನಿಲ್ಲುತ್ತದೆ. ಅರ್ಧ ದಾರಿಯಲ್ಲಿ ಹಾಕಿದರೆ ಪ್ರಯೋಜನ ಕಡಿಮೆ.

ನಾಲ್ಕನೆಯದು, ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲಕೋಶ) ಬೆಳೆಸುವ ಮಾನವ ಮೈಕ್ರೋಗ್ಲಿಯಾ. 2016ರಿಂದೀಚೆಗೆ ಇದರ ವಿಧಾನಗಳು ಒಂದರ ಹಿಂದೆ ಒಂದು ಬಂದವು. ಚರ್ಮದ ಅಥವಾ ರಕ್ತದ ಕೋಶವನ್ನು ಸ್ಟೆಮ್ ಸೆಲ್ ಆಗಿಸಿ, ರಕ್ತಕೋಶದ ಮೂಲರೂಪದ ಹಂತ ದಾಟಿಸಿ, ಕೊನೆಗೆ ಮೈಕ್ರೋಗ್ಲಿಯಾ ಮಾಡಬೇಕು. ಸ್ಟೆಮ್ ಸೆಲ್ ಕೈಯಲ್ಲಿದ್ದರೂ ತಿಂಗಳ ಮೇಲೆ ಹಿಡಿಯುತ್ತದೆ. ಬೆಳವಣಿಗೆ ಅಂಶಗಳ ಬೆಲೆ ಜಾಸ್ತಿ. ಒಂದು ಬ್ಯಾಚ್ ಚೆನ್ನಾಗಿ ಬಂದರೆ ಇನ್ನೊಂದು ಸೊರಗಿರುತ್ತದೆ. ಇಷ್ಟಾದರೂ ಇದನ್ನು ಬಿಡಲಾಗದು. ಅಲ್ಜೈಮರ್ ಅಪಾಯ ಹೆಚ್ಚಿಸುವ ಟಿಆರ್‌ಇಎಂ2 ಜೀನಿನ ರೂಪಾಂತರದಂಥವನ್ನು ಮಾನವ ಕೋಶದಲ್ಲೇ, ಉಳಿದ ಜೀನ್‌ಗಳನ್ನು ಹಾಗೇ ಇಟ್ಟು, ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ಬದಲಿಸಿ ನೋಡಬಹುದು. ಅಪಾಯದ ಎಷ್ಟೋ ಜೀನ್‌ಗಳು ಇಲಿಯಲ್ಲಿ ಅದೇ ರೀತಿ ಇಲ್ಲ, ಇಲ್ಲವೇ ಅದೇ ರೀತಿ ನಡೆದುಕೊಳ್ಳುವುದಿಲ್ಲ.

ಪ್ಲೇಟಿನಲ್ಲಿ ಮಾತ್ರ ಬೆಳೆದ ಈ ಕೋಶಗಳೂ ಪೂರ್ತಿ ಪಕ್ವವಾಗುವುದಿಲ್ಲ. ನರಕೋಶಗಳ ಜೊತೆ ಬೆಳೆಸಿದಾಗ ಸ್ವಲ್ಪ ಸುಧಾರಿಸಿದವು. ಇಲಿಮರಿಯ ಮಿದುಳಿಗೆ ಕಸಿ ಮಾಡುವ ದಾರಿಯೂ ಇದೆ. ಅಲ್ಲಿ ಅವು ಕವಲೊಡೆದು ನಿಜವಾದ ಮಾನವ ಮೈಕ್ರೋಗ್ಲಿಯಾಗೆ ಹತ್ತಿರವಾಗುತ್ತವೆ. ಆದರೆ ಮೈಕ್ರೋಗ್ಲಿಯಾ ಬದುಕಲು ಬೇಕಾದ ಸಿಎಸ್‌ಎಫ್1 ಪ್ರೋಟೀನ್ ಇಲಿಯದ್ದಾದರೆ ಮಾನವ ಕೋಶಕ್ಕೆ ಸಾಲುವುದಿಲ್ಲ, ಮಾನವ ಸಿಎಸ್‌ಎಫ್1 ಮಾಡುವ, ರೋಗನಿರೋಧಕ ಶಕ್ತಿ ಕುಗ್ಗಿಸಿದ ಇಲಿಗಳೇ ಬೇಕು. ಅದನ್ನು ನಾನು ಸ್ವತಃ ಮಾಡಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ.

ಜೀನ್‌ಗಳ ಚಟುವಟಿಕೆ ಅಳೆಯಬೇಕೆಂದರೆ ಮಂಜುಗಡ್ಡೆಯ ದಾರಿ ಹಿಡಿಯಿರಿ. ಔಷಧದ ಪರಿಣಾಮ ಅಥವಾ ಮಾನವ ಜೀನ್ ಬಗ್ಗೆ ಪ್ರಶ್ನೆಯಿದ್ದರೆ ಸ್ಟೆಮ್ ಸೆಲ್, ಸಮಯ ಕಡಿಮೆಯಿದ್ದರೆ ಸೀರಂ ಇಲ್ಲದ ಪ್ರೈಮರಿ. ಯಾವ ದಾರಿಯಾದರೂ ಮೈಕ್ರೋಗ್ಲಿಯಾ ಗುರುತಿಸಲು ಬಳಸುವ ಐಬಾ1 ಪ್ರೋಟೀನಿನ ಬಣ್ಣವೊಂದನ್ನೇ ನೆಚ್ಚಬೇಡಿ. ಮಿದುಳಿನ ಹೊರಗಿಂದ ಬಂದ ಮ್ಯಾಕ್ರೋಫೇಜ್‌ಗಳೂ (ಕಸ ನುಂಗುವ ರೋಗನಿರೋಧಕ ಕೋಶಗಳು) ಅದರಲ್ಲಿ ಹೊಳೆಯುತ್ತವೆ. ಪಕ್ಕದಲ್ಲಿ ಮೈಕ್ರೋಗ್ಲಿಯಾದ ಇನ್ನೊಂದು ಗುರುತಾದ ಟಿಎಂಇಎಂ119 ಅಥವಾ ಪಿ2ಆರ್‌ವೈ12ರ ಬಣ್ಣ ಹಾಕಿ. ಉರಿಯೂತ ಜೋರಾಗಿದ್ದರೆ ಅವೂ ಇಳಿಯುತ್ತವೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಚಿತ್ರ ಓದಿ.