ಮಾತ್ರೆ, ಇನ್ನೊಂದು ಆಪರೇಷನ್, ಸ್ಟಿಮ್ಯುಲೇಟರ್: ಯಾವುದು ದುಬಾರಿ?

ಬೆನ್ನಿನ ಆಪರೇಷನ್ ಆಯಿತು, ಸ್ಕ್ಯಾನ್‌ನಲ್ಲೂ ಎಲ್ಲ ಸರಿ ಇತ್ತು. ಎಡಗಾಲಿನ ಉರಿ ಮಾತ್ರ ಹೋಗಲಿಲ್ಲ. ಮುಂದಿದ್ದ ದಾರಿಗಳು: ಮಾತ್ರೆ, ಇನ್ನೊಂದು ಆಪರೇಷನ್, ಇಲ್ಲವೇ ಬೆನ್ನುಹುರಿಗೆ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಸ್ಟಿಮ್ಯುಲೇಟರ್.

ಮೊದಲು ನರದ ನೋವಿನ ಮಾತ್ರೆ ಪ್ರೀಗ್ಯಾಬಲಿನ್ ಮತ್ತು ಫಿಸಿಯೋಥೆರಪಿ. ತಿಂಗಳ ಖರ್ಚು ಕಡಿಮೆ ಅಂತ ಎರಡು ವರ್ಷ ಅದರಲ್ಲೇ ಕಳೆದೆ. ಮಧ್ಯಾಹ್ನದವರೆಗೂ ಮಂಪರು, ತೂಕ ಬೇರೆ ಏರಿತು. ಹಾಕಿದ ರಜೆಗಳನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಚರ್ಮಕ್ಕೆ ಅಂಟಿಸಿ ಕರೆಂಟ್ ಹರಿಸುವ ಟೆನ್ಸ್ ಯಂತ್ರ ಅಗ್ಗ, ಆದರೆ ತೆಗೆದ ಕೂಡಲೇ ಉರಿ ವಾಪಸ್.

ಇನ್ನೊಂದು ಆಪರೇಷನ್‌ಗೆ ನಾನು ಒಪ್ಪಲಿಲ್ಲ. 2005ರ ಒಂದು ಅಧ್ಯಯನದಲ್ಲಿ ಅದನ್ನೂ ಸ್ಟಿಮ್ಯುಲೇಟರನ್ನೂ ನೇರವಾಗಿ ಹೋಲಿಸಿದ್ದರು: ಸ್ಟಿಮ್ಯುಲೇಟರ್ ಶೇ 47 ಮಂದಿಗೆ ಫಲ ಕೊಟ್ಟಿತ್ತು, ಮರು ಆಪರೇಷನ್ ಶೇ 12 ಮಂದಿಗೆ. ಜೊತೆಗೆ ಆಪರೇಷನ್‌ಗೆ ಟ್ರಯಲ್ ಇರಲ್ಲ, ಅಲ್ವಾ?

ಸ್ಟಿಮ್ಯುಲೇಟರ್‌ಗೆ ಇದೆ. ಬೆನ್ನುಹುರಿಯ ಹತ್ತಿರ ತೆಳು ತಂತಿ ಇಟ್ಟು, ಸೊಂಟದ ಬೆಲ್ಟಿಗೆ ಡಬ್ಬಿ ಸಿಕ್ಕಿಸಿ ಒಂದು ವಾರ ಕಳಿಸಿದರು. ಸ್ನಾನ ಇಲ್ಲ, ಬಗ್ಗುವ ಹಾಗಿಲ್ಲ, ಕೈ ಮೇಲೆತ್ತುವ ಹಾಗೂ ಇಲ್ಲ. ಮೂರನೇ ದಿನ ಪಾತ್ರೆ ತೊಳೆದು ಮುಗಿಸಿದ ಮೇಲೆ ಹೊಳೆಯಿತು: ನಡುವೆ ಒಮ್ಮೆಯೂ ಕೂತಿರಲಿಲ್ಲ. ಕಾಲಲ್ಲಿ ಉರಿಯ ಜಾಗದಲ್ಲಿ ಸಣ್ಣಗೆ ಜುಮ್ಮೆನ್ನುತ್ತಿತ್ತು, ಅಷ್ಟೇ. ಚಿಕಿತ್ಸೆಗಳನ್ನು ಅಳೆದು ಶಿಫಾರಸು ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಾಗಲೂ ಟ್ರಯಲ್ ಫಲಿಸಿರಬೇಕು ಅನ್ನೋ ಷರತ್ತು ಹಾಕಿತ್ತು. ದುಬಾರಿ ಸಾಧನ ಸುಮ್ನೆ ವ್ಯರ್ಥವಾಗದಿರಲು ಇದಕ್ಕಿಂತ ಒಳ್ಳೆಯ ಜರಡಿ ನನಗಂತೂ ಕಾಣದು.

ಆಮೇಲೆ ಮೈಯೊಳಗೆ ಕೂರಿಸುವ ಸಾಧನದ ಬ್ಯಾಟರಿಯ ಪ್ರಶ್ನೆ. ಚಾರ್ಜ್ ಆಗದ್ದು ಅಗ್ಗ, ಆದರೆ ಕೆಲವೇ ವರ್ಷಕ್ಕೆ ಮುಗಿಯುತ್ತದೆ. ಬದಲಿಸಲು ಮತ್ತೆ ಕತ್ತರಿ, ಮತ್ತೆ ಸೋಂಕಿನ ಭಯ. ಚಾರ್ಜ್ ಆಗುವುದು ಮೊದಲಿಗೆ ಜಾಸ್ತಿ ಬೆಲೆ, ಬಾಳಿಕೆಯೂ ಜಾಸ್ತಿ. ಬೆಲೆಯನ್ನು ವರ್ಷಗಳಿಂದ ಭಾಗಿಸಿದೆ, ಎರಡನೆಯದನ್ನೇ ಹಾಕಿಸಿಕೊಂಡೆ. ಅದಕ್ಕೂ ದಂಡ ಇದೆ: ವಾರಕ್ಕೊಮ್ಮೆ ಚಾರ್ಜರ್ ಪಟ್ಟಿ ಕಟ್ಟಿ ಕೂರಬೇಕು. ಪಟ್ಟಿ ಜಾರಿದರೆ ಪೀಪ್ ಪೀಪ್ ಅಂತ ಕೂಗುತ್ತೆ.

ಒಂದು ಮಾತು ಮುಚ್ಚಿಡಲಾರೆ. 2022ರಲ್ಲಿ ನಾರ್ವೆಯಲ್ಲಿ 50 ಜನರ ಮೇಲೆ ಕರೆಂಟನ್ನು ಗುಂಪು ಗುಂಪಾಗಿ ಬಿಡುವ ಬರ್ಸ್ಟ್ ಬಗೆಯ ಸ್ಟಿಮ್ಯುಲೇಷನ್ ಪರೀಕ್ಷಿಸಿದಾಗ, ಕರೆಂಟ್ ಹರಿಸಿದ್ದಕ್ಕೂ ಹರಿಸದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ನನ್ನದು ಆ ಬಗೆಯದ್ದಲ್ಲ, ಆದರೂ ನನ್ನ ಲಾಭದಲ್ಲಿ ನಂಬಿಕೆಯ ಪಾಲೆಷ್ಟೋ ಹೇಳಲಾರೆ. ಕಾಲಿನ ಉರಿ ಅರ್ಧಕ್ಕೂ ಕಮ್ಮಿಯಾಗಿದೆ. ಮಾತ್ರೆ ದಿನಕ್ಕೆ ಒಂದಕ್ಕೆ ಇಳಿದಿದೆ. ಸೊಂಟದ ನೋವು ಮಾತ್ರ ಇದ್ದಲ್ಲೇ ಇದೆ.